ಪುಡಿ, ಟಾನಿಕ್, ಮಿಲ್ಲಿನ ಮಿಶ್ರಣ: ಸ್ಪರ್ಧೆಗೆ ಹೋಗುವ ಕುದುರೆಗೆ ಯಾವುದು ಕೊಡಬಹುದು, ಯಾವುದು ಕೂಡದು

ಪ್ರಶ್ನೆ: ದಾವಣಗೆರೆ ಹತ್ತಿರ ನಮ್ಮ ತೋಟದಲ್ಲೇ ಒಂದು ಕುದುರೆ ಸಾಕಿದ್ದೇವೆ. ರೇಸಿನಿಂದ ಬಿಡುಗಡೆಯಾದ ಥರೋಬ್ರೆಡ್ ಗೆಲ್ಡಿಂಗ್ (ಬೀಜ ಒಡೆಸಿದ ಗಂಡು), ತೂಕ ಸುಮಾರು 480 ಕೆ.ಜಿ. ಮಗಳಿಗೆ 19 ವರ್ಷ, ಶೋ ಜಂಪಿಂಗ್ (ಕುದುರೆಯಿಂದ ಅಡೆತಡೆ ಹಾರಿಸುವ ಸವಾರಿ) ಕಲಿಯುತ್ತಿದ್ದಾಳೆ. ಆರು ವಾರ ಕಳೆದರೆ ಬೆಂಗಳೂರಿನಲ್ಲಿ ಸ್ಪರ್ಧೆ ಇದೆ. ಓಟ್ಸ್, ನೆನೆಸಿದ ಹುರುಳಿ, ಗೋಧಿ ಬೂಸಾ ಮತ್ತು ನಮ್ಮದೇ ಹೊಲದ ಮೆಕ್ಕೆಜೋಳವನ್ನು ಊರಿನ ಪಶು ಆಹಾರದ ಮಿಲ್ಲಿನಲ್ಲಿ ಒಡೆಸಿ, ಬೆರೆಸಿ ತರುತ್ತೇವೆ. ಈಗ ಎಲೆಕ್ಟ್ರೊಲೈಟ್, ಸಂದಿನ ಪುಡಿ, ಗಾಬರಿ ಕಡಿಮೆ ಮಾಡುವ ಗಿಡಮೂಲಿಕೆ ಪುಡಿ, ಲಿವರ್ ಟಾನಿಕ್ ಮತ್ತು ಬಿ12 ಇಂಜೆಕ್ಷನ್ ಕೊಡಿ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಕಳೆದ ವಾರ ಕಾಲಿಗೆ ತಂತಿ ತಗುಲಿ ಗಾಯವಾಗಿ ಪೆನಿಸಿಲಿನ್ ಹಾಕಿಸಿದೆವು. ಇವುಗಳಲ್ಲಿ ಯಾವುದಕ್ಕೆ ನಿಷೇಧ ಇದೆ? ಎಷ್ಟು ದಿನ ಮೊದಲು ನಿಲ್ಲಿಸಬೇಕು?

ಉತ್ತರ:

ಮೊದಲು ಪೆನಿಸಿಲಿನ್. ನಿಮ್ಮ ಪಟ್ಟಿಯಲ್ಲಿ ತಡಮಾಡಬಾರದ ವಿಷಯ ಇದೊಂದೇ. ಔಷಧದ ಬಾಟಲಿಯನ್ನು ಹುಡುಕಿ ಹೆಸರು ಓದಿ. ಜಾನುವಾರುಗಳಿಗೆ ನಮ್ಮಲ್ಲಿ ಹಾಕುವ ಪೆನಿಸಿಲಿನ್‌ಗಳಲ್ಲಿ ಬಹಳಷ್ಟು ‘ಪ್ರೊಕೇನ್ ಪೆನಿಸಿಲಿನ್’ ಆಗಿರುತ್ತವೆ. ಪ್ರೊಕೇನ್ ಎಂಬುದು ಅರಿವಳಿಕೆ. ಚುಚ್ಚಿದ ಜಾಗದಲ್ಲಿ ನೋವು ಕಡಿಮೆಯಾಗಲಿ, ಔಷಧ ನಿಧಾನವಾಗಿ ರಕ್ತಕ್ಕೆ ಇಳಿಯಲಿ ಎಂದು ಅದನ್ನು ಸೇರಿಸಿರುತ್ತಾರೆ. ಪರೀಕ್ಷೆಯವರಿಗೆ ಪೆನಿಸಿಲಿನ್ ಬಗ್ಗೆ ತಕರಾರಿಲ್ಲ, ಪ್ರೊಕೇನ್ ಬಗ್ಗೆ ಇದೆ. ಕುಂಟುವ ಕುದುರೆಯ ಕಾಲಿನ ನರವನ್ನು ಮರಗಟ್ಟಿಸಿ ಓಡಿಸಲು ಬಳಸಬಹುದಾದ ಪದಾರ್ಥ ಅದು. ಸ್ನಾಯುವಿಗೆ ಚುಚ್ಚಿದ ಪ್ರೊಕೇನ್ ಮೂತ್ರದಲ್ಲಿ ವಾರಗಟ್ಟಲೆ ಸಿಗುತ್ತದೆ. ಎಷ್ಟು ವಾರ ಎನ್ನುವುದು ಡೋಸ್, ಎಷ್ಟು ದಿನ ಹಾಕಿದರು, ಯಾವ ಸ್ನಾಯುವಿಗೆ ಹಾಕಿದರು ಎಂಬುದರ ಮೇಲೆ ನಿಂತಿದೆ. ಕೊನೆಯ ಇಂಜೆಕ್ಷನ್ನಿನ ತಾರೀಖು, ಎಷ್ಟು ಮಿಲಿ, ಬ್ಯಾಚ್ ನಂಬರ್ ಮೂರನ್ನೂ ಇವತ್ತೇ ಬರೆದಿಡಿ. ಚಿಕಿತ್ಸೆ ಇನ್ನೂ ಮುಂದುವರಿಯಬೇಕಿದ್ದರೆ ಪ್ರೊಕೇನ್ ಇಲ್ಲದ ಆಂಟಿಬಯಾಟಿಕ್ ಹಾಕಬಹುದೇ ಎಂದು ಡಾಕ್ಟರನ್ನು ಕೇಳಿ. ಸ್ಪರ್ಧೆಯ ಭಯಕ್ಕೆ ಗಾಯದ ಚಿಕಿತ್ಸೆಯನ್ನು ಮಾತ್ರ ಅರ್ಧಕ್ಕೆ ಬಿಡಬೇಡಿ. ಆರು ವಾರದಲ್ಲಿ ಕಾಲು ವಾಸಿಯಾಗದಿದ್ದರೆ ಆ ಸ್ಪರ್ಧೆ ಬಿಡುವುದೇ ಸರಿ. ಟೆಟನಸ್ ಲಸಿಕೆಯ ತಾರೀಖನ್ನೂ ನೋಡಿಕೊಳ್ಳಿ. ತಂತಿ ಗಾಯವಾದ ಕುದುರೆಗೆ ಅದು ಎಲ್ಲಕ್ಕಿಂತ ಮುಖ್ಯ.

ಎಷ್ಟು ದಿನ ಮೊದಲು ನಿಲ್ಲಿಸಬೇಕು ಎಂಬ ಪ್ರಶ್ನೆಗೆ ಒಂದೇ ಸಂಖ್ಯೆಯ ಉತ್ತರ ಇಲ್ಲ. ಅಂತಾರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟ, ಅಂದರೆ ಎಫ್‌ಇಐ, ಕೆಲವು ಸಾಮಾನ್ಯ ಔಷಧಗಳಿಗೆ ಪತ್ತೆ ಅವಧಿ, ಎಂದರೆ ಕೊಟ್ಟ ಮೇಲೆ ಎಷ್ಟು ದಿನ ಪರೀಕ್ಷೆಯಲ್ಲಿ ಸಿಗುತ್ತದೆಂಬ ಲೆಕ್ಕ, ಪ್ರಕಟಿಸಿದೆ. ಫಿನೈಲ್‌ಬ್ಯುಟಜೋನ್‌ಗೆ 7 ದಿನ, ಫ್ಲುನಿಕ್ಸಿನ್‌ಗೆ 6 ದಿನ, ಎರಡೂ ನೋವು ಇಳಿಸುವ ಔಷಧಗಳು. ಇದನ್ನು ಓದಿ ಏಳನೇ ದಿನ ಮುಗಿದ ಕೂಡಲೇ ಕುದುರೆ ಶುದ್ಧ ಎಂದುಕೊಂಡು ಸಿಕ್ಕಿಬಿದ್ದವರಿದ್ದಾರೆ. ಆ ಅಂಕಿ ಬಂದಿರುವುದು ಕೆಲವೇ ಆರೋಗ್ಯವಂತ ಕುದುರೆಗಳಿಗೆ ನಿಗದಿತ ಡೋಸ್ ಕೊಟ್ಟು ನೋಡಿದ ಪರೀಕ್ಷೆಯಿಂದ. ನಿಮ್ಮ ಕುದುರೆಯ ವಯಸ್ಸು, ತೂಕ, ಕೊಟ್ಟ ಪ್ರಮಾಣ, ಬಾಯಿಗೆ ಕೊಟ್ಟರೋ ರಕ್ತನಾಳಕ್ಕೋ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಪತ್ತೆ ಅವಧಿಯ ಮೇಲೆ ಡಾಕ್ಟರು ಸುರಕ್ಷತೆಗಾಗಿ ಇನ್ನಷ್ಟು ದಿನ ಸೇರಿಸಿ ಹೇಳುವುದೇ ನಿಮಗೆ ಬೇಕಾದ ವಿರಾಮದ ಅವಧಿ. ಅದನ್ನು ಬಾಯಿಮಾತಿನಲ್ಲಿ ಕೇಳದೆ ಚೀಟಿಯಲ್ಲಿ ಬರೆಸಿಕೊಳ್ಳಿ.

ಎಫ್‌ಇಐ ಪಟ್ಟಿಯಲ್ಲಿ ಎರಡು ಬಗೆ ಇವೆ. ಒಂದು, ಸಂಪೂರ್ಣ ನಿಷೇಧಿತ ಪದಾರ್ಥಗಳು. ಸ್ಪರ್ಧೆಯ ಕುದುರೆಗೆ ಇವುಗಳ ನ್ಯಾಯವಾದ ಬಳಕೆಯೇ ಇಲ್ಲ ಎಂದು ತೀರ್ಮಾನಿಸಿದಂಥವು. ಇನ್ನೊಂದು, ನಿಯಂತ್ರಿತ ಔಷಧಗಳು. ಚಿಕಿತ್ಸೆಗೆ ಕೊಡಬಹುದು, ಆದರೆ ಸ್ಪರ್ಧೆಯ ಹೊತ್ತಿಗೆ ಮೈಯಲ್ಲಿ ಇರಕೂಡದು. ಮೊದಲನೆಯದಕ್ಕೆ ಸವಾರರಿಗೆ ಮೂಲ ಶಿಕ್ಷೆ 2 ವರ್ಷದ ಅಮಾನತು, ಎರಡನೆಯದಕ್ಕೆ 6 ತಿಂಗಳು. ಎರಡರಲ್ಲೂ ಫಲಿತಾಂಶ ರದ್ದಾಗುತ್ತದೆ. ಕುದುರೆಯ ಮೈಯಲ್ಲಿ ಪದಾರ್ಥ ಸಿಕ್ಕಿತೆಂದರೆ ಅದು ಹೇಗೆ ಬಂತೆಂದು ತೋರಿಸುವ ಹೊರೆ ಸವಾರರ ಮೇಲೆ, ಎಂದರೆ ನಿಮ್ಮ ಮಗಳ ಮೇಲೆ ಬೀಳುತ್ತದೆ. ನಮಗೆ ಗೊತ್ತಿರಲಿಲ್ಲ ಎಂಬುದು ಶಿಕ್ಷೆ ಕಡಿಮೆ ಮಾಡಿಸಬಹುದೇ ಹೊರತು ಫಲಿತಾಂಶವನ್ನು ಉಳಿಸುವುದಿಲ್ಲ.

ನಿಮ್ಮದು ರೇಸ್ ಕುದುರೆಯಾಗಿದ್ದರಿಂದ ಇನ್ನೊಂದು ಮಾತು. ಸಲಹೆ ಕೊಡುವವರಲ್ಲಿ ಹಲವರು ರೇಸ್ ಲಾಯದ ಪದ್ಧತಿ ಗೊತ್ತಿರುವವರು. ರೇಸಿನ ನಿಯಮ ಬೇರೆ, ಎಫ್‌ಇಐ ನಿಯಮ ಬೇರೆ. ಹೊಟ್ಟೆ ಹುಣ್ಣಿಗೆ ಕೊಡುವ ಒಮೆಪ್ರಜೋಲ್, ರ‍್ಯಾನಿಟಿಡಿನ್ ಎಫ್‌ಇಐ ಸ್ಪರ್ಧೆಯಲ್ಲಿ ನಡೆಯುತ್ತವೆ. ರೇಸ್ ದಿನದಂದು ಅವು ಕೂಡದು, ಯಾಕೆಂದರೆ ಅಲ್ಲಿ ಜೀರ್ಣಾಂಗ, ನರ, ಹೃದಯ ಯಾವುದರ ಮೇಲೆ ಕೆಲಸ ಮಾಡುವ ಪದಾರ್ಥವಾದರೂ ನಿಷಿದ್ಧ. ಸ್ಪರ್ಧೆಯ ಪ್ರಕಟಣೆಯಲ್ಲಿ ಯಾವ ನಿಯಮಾವಳಿ ಅನ್ವಯಿಸುತ್ತದೆಂದು ಬರೆದಿರುತ್ತಾರೆ. ಆ ಸಾಲನ್ನು ಮೊದಲು ಓದಿ, ಆಮೇಲೆ ಯಾರ ಸಲಹೆಯನ್ನಾದರೂ ಕೇಳಿ.

ಈಗ ನಿಮ್ಮ ಪುಡಿ, ಟಾನಿಕ್‌ಗಳಿಗೆ ಬರೋಣ.

ಎಲೆಕ್ಟ್ರೊಲೈಟ್ ಬೇಕಾದದ್ದೇ. ಬಯಲುಸೀಮೆಯ ಬಿಸಿಲಲ್ಲಿ ದುಡಿದ ಕುದುರೆ ಗಂಟೆಗೆ ಹತ್ತು ಲೀಟರಿನಷ್ಟು ಬೆವರಬಲ್ಲದು. ಅದರ ಬೆವರು ನಮ್ಮ ಬೆವರಿಗಿಂತ ಹೆಚ್ಚು ಉಪ್ಪು. ಆದರೆ ಇದಕ್ಕೆ ದುಬಾರಿ ಡಬ್ಬಿ ಬೇಕಿಲ್ಲ. ನಿಮ್ಮ ಕುದುರೆಗೆ ಸುಮ್ಮನೆ ನಿಂತ ದಿನವೂ ಸುಮಾರು 25 ಗ್ರಾಂ ಅಡುಗೆ ಉಪ್ಪು ಬೇಕು. ಬೆವರಿ ದುಡಿದ ದಿನ ಎರಡು ಪಾಲು ಅಡುಗೆ ಉಪ್ಪಿಗೆ ಒಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿ 50–60 ಗ್ರಾಂ ಹೆಚ್ಚುವರಿಯಾಗಿ ಮೇವಿನಲ್ಲಿ ಕೊಡಿ. ಪೊಟ್ಯಾಸಿಯಂ ಕ್ಲೋರೈಡನ್ನು ಆಹಾರ ದರ್ಜೆಯದ್ದೇ ತನ್ನಿ, ಗೊಬ್ಬರದ ಅಂಗಡಿಯ ಪೊಟ್ಯಾಷ್ ಬೇಡ. ಪಕ್ಕದಲ್ಲಿ ಬರೀ ನೀರಿನ ಬಕೆಟ್ ಇರಲೇಬೇಕು. ನೀರು ಕುಡಿಯದ ಕುದುರೆಗೆ ಉಪ್ಪು ತುರುಕಿದರೆ ಮೈಯ ನೀರೆಲ್ಲ ಕರುಳಿಗೆ ಸೇರಿ ಸ್ಥಿತಿ ಇನ್ನಷ್ಟು ಕೆಡುತ್ತದೆ. ಡಬ್ಬಿಯದನ್ನೇ ತರುವುದಾದರೆ ಸೋಡಿಯಂ ಬೈಕಾರ್ಬನೇಟ್ ಇದೆಯೇ ನೋಡಿ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಪ್ರಮಾಣ ಲೀಟರಿಗೆ 36 ಮಿಲಿಮೋಲ್ ದಾಟಿದರೆ ಅದು ಉಲ್ಲಂಘನೆ. ಅಡುಗೆ ಸೋಡಾ ಅದನ್ನೇ ಏರಿಸುತ್ತದೆ. ಬೆವರಿನಲ್ಲಿ ಕ್ಲೋರೈಡ್ ಕಳೆದುಕೊಂಡ ಕುದುರೆಯ ರಕ್ತ ಮೊದಲೇ ಕ್ಷಾರದ ಕಡೆ ವಾಲಿರುತ್ತದೆ, ಸೋಡಾ ಹಾಕುವುದು ಆರೋಗ್ಯಕ್ಕೂ ತಪ್ಪು.

ಸಂದಿನ ಪುಡಿಯಲ್ಲಿ ಗ್ಲುಕೋಸಮೈನ್, ಕಾಂಡ್ರಾಯಿಟಿನ್, ಎಂಎಸ್ಎಂ ಮಾತ್ರ ಇದ್ದರೆ ನಿಯಮದ ತೊಂದರೆ ಇಲ್ಲ. ಬಾಯಿಯ ಮೂಲಕ ಕೊಟ್ಟ ಗ್ಲುಕೋಸಮೈನ್ ಕುದುರೆಗೆ ನಿಜವಾಗಿ ಎಷ್ಟು ಉಪಯೋಗ ಎಂಬುದಕ್ಕೆ ಪುರಾವೆ ಮಾತ್ರ ದುರ್ಬಲ. ಅದೇ ಡಬ್ಬಿಯಲ್ಲಿ ‘ಡೆವಿಲ್ಸ್ ಕ್ಲಾ’ ಎಂಬ ಗಿಡಮೂಲಿಕೆ ಇದ್ದರೆ ವಾಪಸ್ ಕೊಡಿ. ಅದರ ಹಾರ್ಪಗೊಸೈಡ್ ಪಟ್ಟಿಯಲ್ಲಿದೆ. ವಿಲ್ಲೋ ತೊಗಟೆ ಇದ್ದರೆ ಅದು ದೇಹದಲ್ಲಿ ಆಸ್ಪಿರಿನ್ ಜಾತಿಯ ಸ್ಯಾಲಿಸಿಲಿಕ್ ಆಮ್ಲವಾಗುತ್ತದೆ. ಕುದುರೆಮೆಂತೆ, ಅಂದರೆ ಲೂಸರ್ನ್ ಸೊಪ್ಪಿನಲ್ಲೂ ಸ್ಯಾಲಿಸಿಲೇಟ್ ಸಹಜವಾಗಿಯೇ ಇದೆ. ಹಾಗಾಗಿಯೇ ಇದಕ್ಕೆ ಮೂತ್ರದಲ್ಲಿ ಪ್ರತಿ ಮಿಲಿಗೆ 750 ಮೈಕ್ರೊಗ್ರಾಂ ಎಂಬ ಮಿತಿ ಇಟ್ಟಿದ್ದಾರೆ. ಸೊಪ್ಪು ತಿಂದ ಕುದುರೆ ಆ ಮಿತಿಯೊಳಗೆ ಇರುತ್ತದೆ. ಅದರ ಮೇಲೆ ತೊಗಟೆಯ ಪುಡಿ, ಅದರ ಮೇಲೆ ಕಾಲಿಗೆ ನೋವಿನ ಮುಲಾಮು ಉಜ್ಜಿದರೆ ಅಂಚಿನಲ್ಲಿ ಎಷ್ಟು ಉಳಿದೀತು, ಯಾರು ಹೇಳಬಲ್ಲರು?

ಗಾಬರಿ ಇಳಿಸುವ ಗಿಡಮೂಲಿಕೆ ಪುಡಿಯನ್ನು ಖಂಡಿತ ಬೇಡ ಎನ್ನುತ್ತೇನೆ. ತಗರ ನಮ್ಮ ಸೀಮೆಯ ವಲೇರಿಯನ್. ಅದರ ವಲೆರೆನಿಕ್ ಆಮ್ಲವನ್ನು ಪ್ರಯೋಗಾಲಯ ಹುಡುಕುತ್ತದೆ. ಸರ್ಪಗಂಧಿಯಲ್ಲಿ ರೆಸರ್ಪಿನ್ ಇದೆ, ಅದು ಸಂಪೂರ್ಣ ನಿಷೇಧಿತ. ಗಸಗಸೆಯಲ್ಲಿ ಮಾರ್ಫಿನ್, ಭಂಗಿಯಲ್ಲಿ ಅದರದೇ ಪದಾರ್ಥಗಳು, ಹಳೆಯ ಕುದುರೆ ಮಸಾಲೆಗಳಿಗೆ ಹಾಕುವ ಕಾಸರಕದ ಬೀಜದಲ್ಲಿ ಸ್ಟ್ರಿಕ್ನಿನ್ ಎಂಬ ವಿಷ. ಗ್ರಂದಿಗೆ ಅಂಗಡಿಯವರು ಒಳ್ಳೆಯ ಮನಸ್ಸಿನಿಂದಲೇ ಕಟ್ಟಿಕೊಡುತ್ತಾರೆ. ಆದರೆ ಪೊಟ್ಟಣದ ಮೇಲೆ ಪದಾರ್ಥಗಳ ಪ್ರಮಾಣ ಇಲ್ಲ, ಬ್ಯಾಚ್ ನಂಬರ್ ಇಲ್ಲ. ಬ್ಯಾಚ್ ನಂಬರ್ ಇಲ್ಲದ ಯಾವುದೂ ಲಾಯದೊಳಗೆ ಬರಕೂಡದು, ಇದನ್ನೇ ಮನೆಯ ಕಟ್ಟುನಿಟ್ಟಾದ ನಿಯಮ ಮಾಡಿಕೊಳ್ಳಿ. ಡಬ್ಬಿಯ ಮೇಲೆ ‘ಎಫ್‌ಇಐ ಒಪ್ಪಿಗೆ ಪಡೆದದ್ದು’ ಎಂದಿದ್ದರೆ ಅನುಮಾನ ಇನ್ನೂ ಹೆಚ್ಚಾಗಲಿ. ಎಫ್‌ಇಐ ಯಾವ ಪೂರಕಕ್ಕೂ ಒಪ್ಪಿಗೆ ಮುದ್ರೆ ಕೊಡುವುದಿಲ್ಲ.

ಬಿ12 ಮತ್ತು ಲಿವರ್ ಟಾನಿಕ್. ಆರೋಗ್ಯವಾಗಿರುವ, ಬೆಳೆದ ಕುದುರೆಯ ದೊಡ್ಡಕರುಳಿನ ಸೂಕ್ಷ್ಮಜೀವಿಗಳೇ ಬಿ12 ತಯಾರಿಸುತ್ತವೆ, ಕೊರತೆಯ ಪ್ರಶ್ನೆಯೇ ಏಳುವುದಿಲ್ಲ. ಬಿ12 ಅಣುವಿನ ನಡುವೆ ಕೋಬಾಲ್ಟ್ ಇದೆ. ರಕ್ತದ ಕೆಂಪುಕಣ ಹೆಚ್ಚಿಸುವ ಆಸೆಗೆ ಕೋಬಾಲ್ಟನ್ನು ದುರ್ಬಳಕೆ ಮಾಡಿದ ಪ್ರಕರಣಗಳ ನಂತರ ಮಿತಿ ಬಂತು: ಮೂತ್ರದಲ್ಲಿ ಪ್ರತಿ ಮಿಲಿಗೆ 100 ನ್ಯಾನೊಗ್ರಾಂ, ಪ್ಲಾಸ್ಮಾದಲ್ಲಿ 25. ಸ್ಪರ್ಧೆಯ ಹತ್ತಿರ ಚುಚ್ಚುವ ಟಾನಿಕ್ಕಿನಿಂದ ಲಾಭ ಸೊನ್ನೆ, ಅಪಾಯ ಪೂರ್ತಿ. ಟಾನಿಕ್‌ಗಳನ್ನು ಒಂದರ ಮೇಲೊಂದು ಪೇರಿಸುವುದರಲ್ಲಿ ನಿಯಮಕ್ಕಿಂತ ದೊಡ್ಡ ಅಪಾಯವೂ ಇದೆ. ಸೆಲೆನಿಯಂ ನಿಮ್ಮ ಕುದುರೆಗೆ ದಿನಕ್ಕೆ ಬೇಕಾದದ್ದು ಸುಮಾರು 1 ಮಿಲಿಗ್ರಾಂ. 2009ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ವಿಟಮಿನ್ ಇಂಜೆಕ್ಷನ್ ತಯಾರಿಸುವಾಗ ಸೆಲೆನಿಯಂ ಪ್ರಮಾಣ ತಪ್ಪಿ 21 ಪೋಲೊ ಕುದುರೆಗಳು ಸತ್ತವು. ಖನಿಜ ಮಿಶ್ರಣ ಕೊಡುವುದಾದರೆ ಒಂದೇ ಕೊಡಿ, ಎರಡು ಕಂಪನಿಯದು ಸೇರಿಸಬೇಡಿ.

ನೀವು ಕೇಳದೆ ಬಿಟ್ಟದ್ದು ಮಿಲ್ಲು. ನನ್ನ ಲೆಕ್ಕದಲ್ಲಿ ನಿಮ್ಮ ಕುದುರೆಗೆ ಇರುವ ಅತಿ ದೊಡ್ಡ ಅಪಾಯ ಅಲ್ಲಿದೆ. ಅದೇ ಮಿಕ್ಸರಿನಲ್ಲಿ ಕೋಳಿ ಆಹಾರ, ಹಸುವಿನ ಆಹಾರ ತಯಾರಾಗುತ್ತದೆ. ಕೋಳಿಗಳ ಕಾಕ್ಸಿಡಿಯಾ ರೋಗಕ್ಕೆ ಮೊನೆನ್ಸಿನ್, ಸಾಲಿನೊಮೈಸಿನ್ ಹಾಕುತ್ತಾರೆ. ಕೋಳಿಗೆ ಔಷಧವಾದ ಮೊನೆನ್ಸಿನ್ ಕುದುರೆಗೆ ಕೆ.ಜಿ. ತೂಕಕ್ಕೆ 2–3 ಮಿಲಿಗ್ರಾಂ ಸೇರಿದರೆ ಸಾವು ತರಬಲ್ಲದು. ಸಾಲಿನೊಮೈಸಿನ್ ಅದಕ್ಕಿಂತಲೂ ಕಡಿಮೆಯಲ್ಲಿ. ಹೃದಯದ ಸ್ನಾಯು ಸಾಯುತ್ತದೆ, ಪ್ರತಿವಿಷ ಇಲ್ಲ, ಬದುಕುಳಿದರೂ ಸವಾರಿಗೆ ಮರಳುವುದು ಅನುಮಾನ. ಹಸುವಿನ ಆಹಾರದಲ್ಲಿ ಅಡುಗೆ ಸೋಡಾ ಇರುವುದು ಸಾಮಾನ್ಯ, ಮೊನೆನ್ಸಿನ್ ಕೂಡ ಇರಬಹುದು. ಮಿಲ್ಲಿನವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಮಿಕ್ಸರಿನ ಮೂಲೆಯಲ್ಲಿ, ಎಲಿವೇಟರಿನ ಬಕೆಟ್ಟಿನಲ್ಲಿ, ಚೀಲದ ಹೊಲಿಗೆಯಲ್ಲಿ ಹಿಂದಿನ ಸರಕು ಉಳಿದೇ ಉಳಿಯುತ್ತದೆ. ಪ್ರಪಂಚದ ದೊಡ್ಡ ಲಾಯಗಳಿಗೂ ಇದು ತಪ್ಪಿಲ್ಲ. ಬ್ರಿಟನ್ನಿನ ಅಂದಿನ ರಾಣಿಯ ‘ಎಸ್ಟಿಮೇಟ್’ ಎಂಬ ಕುದುರೆ 2014ರಲ್ಲಿ ಆಹಾರದೊಳಗಿನ ಗಸಗಸೆಯ ಅಂಶದಿಂದ ಮಾರ್ಫಿನ್ ಪರೀಕ್ಷೆಯಲ್ಲಿ ಸಿಕ್ಕಿ, ಆಸ್ಕಾಟ್ ಗೋಲ್ಡ್ ಕಪ್ಪಿನ ಎರಡನೇ ಸ್ಥಾನ ಕಳೆದುಕೊಂಡಿತು. 2020ರಲ್ಲಿ ಪ್ಯಾರಿಸ್ಸಿನ ಆರ್ಕ್ ರೇಸಿನ ಮುನ್ನಾದಿನ ಆಹಾರದಲ್ಲಿ ದನಗಳ ಮಾಂಸ ಬೆಳೆಸಲು ಕೊಡುವ ಜಿಲ್ಪಟೆರಾಲ್ ಸೇರಿದ್ದು ಗೊತ್ತಾಗಿ ಕುದುರೆಗಳನ್ನು ಹಿಂದೆ ತೆಗೆದುಕೊಂಡರು.

ಆದ್ದರಿಂದ ಮಿಲ್ಲಿಗೆ ಹೋಗುವುದನ್ನು ನಿಲ್ಲಿಸಿ. ಒಂದು ಕುದುರೆಗೆ ಬೇಕಾದ ಮೆಕ್ಕೆಜೋಳ ಒಡೆಯಲು ಮನೆಯಲ್ಲೇ ಚಿಕ್ಕ ಯಂತ್ರ ಸಾಕು. ಓಟ್ಸನ್ನು ಇಡಿಯಾಗಿಯೇ ಕೊಡಬಹುದು. ಬೆರೆಸುವುದಕ್ಕೆ ಬೋಗುಣಿ, ಕೈ ಸಾಲದೇ? ಚೀಲ ಹೊಸದಾಗಿರಲಿ. ಕೋಳಿ ಫಾರಂನಿಂದ, ಅಡಿಕೆ ಮಂಡಿಯಿಂದ ಬಂದ ಹಳೆಯ ಚೀಲ ಬೇಡ. ಚನ್ನಗಿರಿ ಕಡೆ ಅಡಿಕೆ ಚೀಲ ಅಗ್ಗಕ್ಕೆ ಸಿಕ್ಕರೂ ಅಡಿಕೆಯ ಅರೆಕೊಲಿನ್ ನರಗಳ ಮೇಲೆ ಕೆಲಸ ಮಾಡುವ ಪದಾರ್ಥ ಎಂಬುದು ನೆನಪಿರಲಿ. ಮಲೆನಾಡಿನಿಂದ ಬರುವ ಕಾಫಿ ಸಿಪ್ಪೆಯನ್ನು ಲಾಯದಲ್ಲಿ ಹಾಸಬೇಡಿ. ಕುದುರೆ ಹಾಸಿದ್ದನ್ನು ತಿನ್ನುತ್ತದೆ, ಸಿಪ್ಪೆಯಲ್ಲಿ ಕೆಫೀನ್ ಇದೆ. ಕೋಕೋ ಸಿಪ್ಪೆಯ ಥಿಯೊಬ್ರೊಮಿನ್‌ಗೂ ಇದೇ ಮಾತು.

ಸ್ವಂತ ಹೊಲದ್ದು ಎಂಬ ಕಾರಣಕ್ಕೆ ಮೆಕ್ಕೆಜೋಳವನ್ನು ಕಣ್ಣುಮುಚ್ಚಿ ನಂಬಬೇಡಿ. ನಮ್ಮಲ್ಲಿ ಕಟಾವಿಗೆ ಸರಿಯಾಗಿ ಹಿಂಗಾರು ಮಳೆ ಹಿಡಿದರೆ ರಾಶಿ ಕಣದಲ್ಲೇ ನೆನೆಯುತ್ತದೆ. ಫ್ಯುಸೇರಿಯಂ ಬೂಸ್ಟು ಕೂತ ಕಾಳಿನಲ್ಲಿ ಫ್ಯುಮೊನಿಸಿನ್ ವಿಷ ಹುಟ್ಟುತ್ತದೆ. ದನಗಳು ತಡೆದುಕೊಳ್ಳುವ ಪ್ರಮಾಣವೇ ಕುದುರೆಯ ಮೆದುಳಿನ ಬಿಳಿಭಾಗವನ್ನು ಕರಗಿಸುತ್ತದೆ. ಮೇವು ಬಿಡುವುದು, ಗೋಡೆಗೆ ತಲೆ ಒತ್ತಿ ನಿಲ್ಲುವುದು, ಕಣ್ಣು ಕಾಣದೆ ಸುತ್ತು ಹಾಕುವುದು ಶುರುವಾದರೆ ಉಳಿಸಿಕೊಳ್ಳುವ ಚಿಕಿತ್ಸೆ ಇಲ್ಲ. ಅಮೆರಿಕದ ಎಫ್‌ಡಿಎ ಕುದುರೆಗೆ ಕೊಡುವ ಮೆಕ್ಕೆಜೋಳದಲ್ಲಿ ಇದು 5 ಪಿಪಿಎಂ (ಹತ್ತು ಲಕ್ಷದಲ್ಲಿ ಐದು ಪಾಲು) ಮೀರಬಾರದು, ಮೆಕ್ಕೆಜೋಳ ಒಟ್ಟು ಆಹಾರದ 20 ಶೇಕಡಾ ದಾಟಬಾರದು ಎನ್ನುತ್ತದೆ. ನಿಮ್ಮ ಕುದುರೆ ದಿನಕ್ಕೆ ಸುಮಾರು 10 ಕೆ.ಜಿ. ಒಣ ಆಹಾರ ತಿನ್ನುವುದರಿಂದ 2 ಕೆ.ಜಿ. ಗರಿಷ್ಠ. ಅದನ್ನೂ ಒಂದೇ ಹೊತ್ತಿಗೆ ಹಾಕಬಾರದು. ಪಿಷ್ಟದ ಲೆಕ್ಕ ಹಾಕಿದರೆ ಒಂದು ಹೊತ್ತಿಗೆ ಸುಮಾರು 700 ಗ್ರಾಂ ಮೆಕ್ಕೆಜೋಳ ಸುರಕ್ಷಿತ, ಅದೂ ಆ ಹೊತ್ತಿಗೆ ಬೇರೆ ಧಾನ್ಯ ಇಲ್ಲದಿದ್ದರೆ. ಇದೇ ಬೂಸ್ಟಿನ ಇನ್ನೊಂದು ವಿಷ ಜಿಯರಲೆನೋನ್. ಅದು ದೇಹದಲ್ಲಿ ಜೆರನಾಲ್ ಆಗಿ ಬದಲಾಗಬಲ್ಲದು. ಜೆರನಾಲ್ ಸ್ನಾಯು ಬೆಳೆಸುವ ನಿಷೇಧಿತ ಪದಾರ್ಥಗಳ ಸಾಲಿಗೆ ಸೇರಿದ್ದು. ಕಾಳಿನ ತೇವಾಂಶ ಶೇಕಡಾ 14ಕ್ಕಿಂತ ಕೆಳಗಿರಲಿ, ಜರಡಿ ಹಿಡಿದು ಒಡಕು, ಪುಡಿ ತೆಗೆದುಹಾಕಿ, ಏಕೆಂದರೆ ವಿಷ ಹೆಚ್ಚಾಗಿ ಅದರಲ್ಲೇ ಕೂಡಿರುತ್ತದೆ. ಗುಲಾಬಿ ಅಥವಾ ಬಿಳಿ ಬೂಸ್ಟು ಕಂಡ ರಾಶಿಯನ್ನು ಕುದುರೆಗೆ ಮುಟ್ಟಿಸಲೇಬೇಡಿ.

ಹಸಿ ಮೇವಿನೊಳಗೆ ಉಮ್ಮತ್ತಿ ಗಿಡ ಬರುತ್ತದೆ, ಕೊಯ್ಯುವವರಿಗೆ ಗಿಡ ತೋರಿಸಿ ಹೇಳಿ. ಅದರ ಅಟ್ರೊಪಿನ್, ಹಯೊಸಿನ್ ಒಣಗಿದರೂ ಹೋಗುವುದಿಲ್ಲ. ಚಿತ್ರದುರ್ಗ ಕಡೆಯಿಂದ ಅಗ್ಗದ ಈರುಳ್ಳಿ ಬಂದಾಗ ದನದ ಮುಂದೆ ಸುರಿಯುವುದುಂಟು. ಕುದುರೆಗೆ ಅದು ರಕ್ತಕಣ ಒಡೆಯುವ ಪದಾರ್ಥ.

ಇನ್ನು ಕೈ. ಪ್ರಯೋಗಾಲಯ ಹುಡುಕುವುದು ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು, ಅಂದರೆ ನ್ಯಾನೊಗ್ರಾಂ ಲೆಕ್ಕದಲ್ಲಿ. ಲಾಯದಲ್ಲಿ ಕೆಲಸ ಮಾಡುವವರು ಕೆಮ್ಮಿನ ಸಿರಪ್ ಕುಡಿದಿರುತ್ತಾರೆ, ನೋವಿನ ಮಾತ್ರೆ ನುಂಗಿರುತ್ತಾರೆ, ಲಾಯದ ಮೂಲೆಯಲ್ಲೇ ಮೂತ್ರ ಮಾಡುತ್ತಾರೆ. ಆ ಹುಲ್ಲನ್ನು ಕುದುರೆ ತಿನ್ನುತ್ತದೆ. ಹೊರದೇಶಗಳಲ್ಲಿ ಹೀಗೇ ಸಿಕ್ಕಿಬಿದ್ದ ಕುದುರೆಗಳಿವೆ. ಅವರಿಗೆ ಬೈಯುವುದರಿಂದ ಪ್ರಯೋಜನ ಇಲ್ಲ, ಹತ್ತಿರದಲ್ಲೇ ಶೌಚಾಲಯ, ಸೋಪು, ನಲ್ಲಿ ಮಾಡಿಕೊಡಿ. ಗುಟ್ಕಾ, ಚಹಾ, ಕಾಫಿ ಲಾಯದ ಹೊರಗೆ. ಮಂಡಕ್ಕಿ ಮಿರ್ಚಿ ತಿಂದ ಕೈಯನ್ನು ಸೋಪಿನಲ್ಲಿ ತೊಳೆಯದೆ ಕಡಿವಾಣ ಮುಟ್ಟಕೂಡದು. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಫ್‌ಇಐನಲ್ಲಿ ನಿಷೇಧಿತ. 2008ರ ಒಲಿಂಪಿಕ್ಸ್‌ನಲ್ಲಿ ಒಂದು ಕುದುರೆಯಲ್ಲಿ ಅದು ಸಿಕ್ಕಿದ್ದಕ್ಕೆ ನಾರ್ವೆಯ ಜಂಪಿಂಗ್ ತಂಡ ಕಂಚಿನ ಪದಕ ಕಳೆದುಕೊಂಡಿತು. ಚಿಕಿತ್ಸೆಯಲ್ಲಿರುವ ಕುದುರೆ ಅಥವಾ ಹಸು ಇದ್ದರೆ ಬಕೆಟ್, ಚಮಚ, ಸಿರಿಂಜು ಬೇರೆಯೇ ಇರಲಿ, ಬಣ್ಣ ಹಚ್ಚಿ ಗುರುತು ಮಾಡಿ. ನಿಮ್ಮ ಕುದುರೆಗೇ ಫ್ಲುನಿಕ್ಸಿನ್ ಕೊಟ್ಟಿದ್ದರೆ ಹಾಸಿದ ಹುಲ್ಲನ್ನು ದಿನವೂ ಪೂರ್ತಿ ಬದಲಿಸಿ. ತನ್ನ ಮೂತ್ರ ಬಿದ್ದ ಹುಲ್ಲು ತಿಂದು ಅದೇ ಔಷಧವನ್ನು ಮತ್ತೆ ಮೈಗೆ ಸೇರಿಸಿಕೊಳ್ಳುತ್ತದೆ, ಪತ್ತೆಯ ಅವಧಿ ಉದ್ದವಾಗುತ್ತದೆ. ಬೆಂಗಳೂರಿನಲ್ಲಿ ಕೊಡುವ ಲಾಯಕ್ಕೂ ಇದು ಅನ್ವಯ. ಕುದುರೆ ಇಳಿಸುವ ಮೊದಲು ಗೊಂತು, ನೀರಿನ ತೊಟ್ಟಿ ತೊಳೆದು, ಹಿಂದಿನವರು ಬಿಟ್ಟ ಹುಲ್ಲು, ಉಪ್ಪಿನ ಗಡ್ಡೆ ಹೊರಗೆ ಹಾಕಿಸಿ.

ಒಂದು ದಪ್ಪ ನೋಟ್‌ಬುಕ್ ಇಡಿ. ಎಫ್‌ಇಐ ಸ್ಪರ್ಧೆಯ ಕುದುರೆಗೆ ಔಷಧ ದಾಖಲೆ ಪುಸ್ತಕ ಕಡ್ಡಾಯ. ನಿಮ್ಮದು ರಾಷ್ಟ್ರೀಯ ಮಟ್ಟದ್ದಾದರೂ ಇಂದಿನಿಂದಲೇ ಬರೆಯಿರಿ: ತಾರೀಖು, ಔಷಧ, ಪ್ರಮಾಣ, ಯಾವ ಮಾರ್ಗ, ಕಾರಣ, ಕೊಟ್ಟವರು, ಡಾಕ್ಟರ ಸಹಿ. ಧಾನ್ಯದ ಪ್ರತಿ ಹೊಸ ಚೀಲದಿಂದ ಅರ್ಧ ಕೆ.ಜಿ., ಪ್ರತಿ ಪುಡಿಯಿಂದ 100 ಗ್ರಾಂ ಜಿಪ್ ಚೀಲದಲ್ಲಿ ಹಾಕಿ, ಬ್ಯಾಚ್ ನಂಬರ್, ತೆರೆದ ದಿನ ಬರೆದು, ಇಬ್ಬರು ಸಹಿ ಮಾಡಿ ಮುಚ್ಚಿಡಿ. ಬಿಸಿಲು, ತೇವ ತಾಗದ ಟ್ರಂಕು ಸಾಕು. ಸ್ಪರ್ಧೆಯ ನಂತರ ಕನಿಷ್ಠ ಮೂರು ತಿಂಗಳು ಬಿಸಾಡಬೇಡಿ. ಮೇವಿನಿಂದ ಬಂತೆಂದು ಸಾಬೀತು ಮಾಡಬೇಕಾದ ದಿನ ಬಂದರೆ ಮೇವಿನ ಆ ಚೀಲವೇ ನಿಮಗಿರುವ ಸಾಕ್ಷಿ. ಸ್ಪರ್ಧೆಗೆ ಎರಡು ವಾರ ಉಳಿದ ಮೇಲೆ ಹೊಸದಾಗಿ ಏನನ್ನೂ ಶುರು ಮಾಡಬೇಡಿ. ಬೇರೆ ಕಂಪನಿಯ ಉಪ್ಪಿನ ಗಡ್ಡೆಯೂ ಬೇಡ. ಮೇವನ್ನು ದಾವಣಗೆರೆಯಿಂದಲೇ ಒಯ್ಯಿರಿ.

ಪ್ರೊಕೇನ್ ಬಗ್ಗೆ ಆತಂಕ ಉಳಿದರೆ ಸ್ಪರ್ಧೆಗೆ ಮೊದಲೇ ಐಚ್ಛಿಕವಾಗಿ ಮೂತ್ರ ಪರೀಕ್ಷೆ ಮಾಡಿಸುವ ದಾರಿ ಎಫ್‌ಇಐ ವ್ಯವಸ್ಥೆಯಲ್ಲಿದೆ. ಒಕ್ಕೂಟದ ಕಚೇರಿಗೆ ಬರೆದು ಕೇಳಿ, ಫಲಿತಾಂಶ ಬರುವುದಕ್ಕೆ ಸಮಯ ಹಿಡಿಯುವುದರಿಂದ ಕೊನೆಯ ವಾರಕ್ಕೆ ತಳ್ಳಬೇಡಿ. ಪ್ರೊಕೇನ್ ಲೆಕ್ಕವನ್ನು ನಿಮ್ಮ ಡಾಕ್ಟರಿಗೆ ಖಚಿತವಾಗಿ ಹೇಳಲಾಗದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು.

ಸ್ಪರ್ಧೆಯ ದಿನ ಕುದುರೆ ಪರೀಕ್ಷೆಗೆ ಆಯ್ಕೆಯಾದರೆ ನೀವಾಗಲಿ ಮಗಳಾಗಲಿ ಜೊತೆಗೇ ಇರಿ. ಮೂತ್ರವನ್ನು ಕಾಯುತ್ತಾರೆ, ಬಾರದಿದ್ದರೆ ರಕ್ತ ತೆಗೆಯುತ್ತಾರೆ. ಮಾದರಿಯನ್ನು ಎ ಮತ್ತು ಬಿ ಎಂದು ಎರಡು ಬಾಟಲಿಗೆ ಹಾಕಿ ನಿಮ್ಮ ಎದುರೇ ಸೀಲ್ ಮಾಡಬೇಕು. ಸೀಲಿನ ಸಂಖ್ಯೆಯೂ ಕಾಗದದ ಮೇಲಿನ ಸಂಖ್ಯೆಯೂ ಒಂದೇ ಇದೆಯೇ ನೋಡಿ, ಕುದುರೆಯ ಪಾಸ್‌ಪೋರ್ಟ್ ಗುರುತು ತಾಳೆ ನೋಡಿ, ಏನಾದರೂ ಸರಿಯಿಲ್ಲ ಎನಿಸಿದರೆ ಸಹಿ ಮಾಡುವ ಮುಂಚೆ ಅದೇ ಕಾಗದದ ಮೇಲೆ ಬರೆಯಿರಿ. ಎ ಮಾದರಿಯಲ್ಲಿ ಏನಾದರೂ ಸಿಕ್ಕಿತೆಂದು ಪತ್ರ ಬಂದರೆ ಬಿ ಮಾದರಿ ಪರೀಕ್ಷೆ ಕೇಳುವ ಹಕ್ಕು ನಿಮಗಿದೆ. ಅದಕ್ಕೆ ಗಡುವು ಇರುತ್ತದೆ, ಆದ್ದರಿಂದ ಪತ್ರ ಬಂದ ದಿನವೇ ಉತ್ತರಿಸಿ. ಟ್ರಂಕಿನಲ್ಲಿಟ್ಟ ಚೀಲಗಳನ್ನು ಆಗ ನೀವು ತೆರೆಯಬೇಡಿ, ಸೀಲು ಇದ್ದಂತೆಯೇ ಪ್ರಯೋಗಾಲಯಕ್ಕೆ ಹೋಗಬೇಕು.